ಪರವಾನಗಿ ಪಡೆದ ಮಾರಾಟಗಾರರು ಬೆಲ್ಟ್‌ಫೆಡ್ ಬಂದೂಕು ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅರಿಜೋನಾದ ಒಂದು ಸಣ್ಣ ಬಂದೂಕು ಅಂಗಡಿಯಲ್ಲಿ ನಾನು ದಾಸ್ತಾನು ಪುಸ್ತಕ ನೋಡಿಕೊಳ್ಳುತ್ತೇನೆ. ನಮ್ಮ ಅಂಗಡಿಗೆ ಮೆಷಿನ್‌ಗನ್ ವ್ಯವಹಾರಕ್ಕೂ ಪರವಾನಗಿ ಇದೆ. ಅಮೆರಿಕದಲ್ಲಿ ನೆಲೆಸಿ ಈ ವ್ಯಾಪಾರಕ್ಕೆ ಇಳಿಯಬೇಕೆಂದಿರುವ ಕನ್ನಡಿಗರು ಕೆಲವರು, ಊರಿನಿಂದ ಕುತೂಹಲಕ್ಕೆ ವಿಚಾರಿಸುವ ನೆಂಟರು, ಸ್ನೇಹಿತರು ಹಲವರು. ಫೋನಿನಲ್ಲೂ ಪತ್ರಗಳಲ್ಲೂ ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಬೇರೆ ದೇಶವೆಂದು ಹೇಳದ ಕಡೆಯೆಲ್ಲ ಇದು ಅಮೆರಿಕದ ಕೇಂದ್ರ ಕಾನೂನಿನ ಮಾತು. ರಾಜ್ಯಗಳ ಕಾನೂನು ಬೇರೆ ಬೇರೆ ಇರುವುದರಿಂದ ನಿಮ್ಮ ರಾಜ್ಯದ ವಕೀಲರನ್ನು ಕೇಳದೆ ಹಣ ಹಾಕಬೇಡಿ.

## ಮೊದಲು ತಿಳಿಯಬೇಕಾದದ್ದು

ಬೆಲ್ಟ್‌ಫೆಡ್ ಎಂದರೆ ಏನು? ಮ್ಯಾಗಜಿನ್ ಹಾಕುವ ಬಂದೂಕಿಗೂ ಇದಕ್ಕೂ ಅಷ್ಟೇನು ವ್ಯತ್ಯಾಸ?

ಮ್ಯಾಗಜಿನ್ ಒಂದು ಡಬ್ಬಿ. ಅದರೊಳಗಿನ ಸ್ಪ್ರಿಂಗ್ ತೋಟಾಗಳನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಬೆಲ್ಟ್ ಎಂದರೆ ತೋಟಾಗಳನ್ನು ಒಂದರ ಪಕ್ಕ ಒಂದರಂತೆ ಪೋಣಿಸಿದ ಸರ. ಹಳೆಯವು ಕ್ಯಾನ್ವಾಸ್ ಬಟ್ಟೆಯವು, ಈಗಿನವು ಉಕ್ಕಿನ ಕೊಂಡಿಗಳವು. ಇಲ್ಲಿ ತಳ್ಳುವ ಸ್ಪ್ರಿಂಗ್ ಇಲ್ಲ. ಪ್ರತಿ ಗುಂಡು ಹಾರಿದಾಗ ಹುಟ್ಟುವ ಶಕ್ತಿಯಲ್ಲೇ ಒಂದು ಪಾಲನ್ನು ಬಳಸಿ ಬಂದೂಕು ತಾನೇ ಆ ಸರವನ್ನು ಎಳೆದುಕೊಳ್ಳಬೇಕು. ನೂರು ತೋಟಾಗಳ ಸರ ಕೆಳಗೆ ಜೋತಾಡುತ್ತಿದ್ದರೆ ಆ ಭಾರವನ್ನೂ ಬಂದೂಕೇ ಎತ್ತಬೇಕು. ಹೀಗಾಗಿ ಸವೆದ ಸ್ಪ್ರಿಂಗ್, ಬಾಗಿದ ಕೊಂಡಿ, ಒಣಗಿದ ಎಣ್ಣೆ, ಇವುಗಳಲ್ಲಿ ಯಾವುದೇ ಒಂದು ಸಾಕು, ಬೆಲ್ಟ್‌ಫೆಡ್ ತಕ್ಷಣ ಮೊಂಡಾಟ ಆರಂಭಿಸುತ್ತದೆ.

1884ರಲ್ಲಿ ಹೈರಮ್ ಮ್ಯಾಕ್ಸಿಮ್ ತೋರಿಸಿದ ಬಂದೂಕಿನ ತತ್ತ್ವವೂ ಇದೇ. ಎಲ್ಲ ಬೆಲ್ಟ್‌ಫೆಡ್‌ಗಳೂ ಮೆಷಿನ್‌ಗನ್‌ಗಳಲ್ಲ ಎಂಬುದು ನೆನಪಿರಲಿ. ಕುದುರೆ (ಟ್ರಿಗರ್) ಒಮ್ಮೆ ಎಳೆದರೆ ಒಂದೇ ಗುಂಡು ಹಾರಿಸುವ ಬೆಲ್ಟ್‌ಫೆಡ್‌ಗಳೂ ಇವೆ, ಅವುಗಳ ವಿಷಯ ಮುಂದೆ ಬರುತ್ತದೆ.

ಅಮೆರಿಕದಲ್ಲಿ ಮೆಷಿನ್‌ಗನ್ ಯಾರು ಬೇಕಾದರೂ ಕೊಳ್ಳಬಹುದಂತೆ, ನಿಜವೇ?

ಇಲ್ಲ. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಪ್ರತಿ ಮೆಷಿನ್‌ಗನ್ನಿಗೂ ನೋಂದಣಿ ಕಡ್ಡಾಯ ಮಾಡಿ, ಹಸ್ತಾಂತರಕ್ಕೆ 200 ಡಾಲರ್ ತೆರಿಗೆ ಹಾಕಿತು. ಆ ಕಾಲಕ್ಕೆ ಅದು ಹೆಚ್ಚುಕಡಿಮೆ ಒಂದು ಥಾಂಪ್ಸನ್ ಬಂದೂಕಿನ ಬೆಲೆ. 1968ರ ಕಾಯ್ದೆ ಖಾಸಗಿಯವರಿಗಾಗಿ ಆಮದು ಮಾಡುವುದನ್ನು ನಿಲ್ಲಿಸಿತು. 1986ರ ಮೇ 19ರಂದು ಮೂರನೆಯ ಬಾಗಿಲೂ ಮುಚ್ಚಿತು. ಅಂದಿನಿಂದಾಚೆಗೆ ತಯಾರಾಗಿ ನೋಂದಣಿಯಾದ ಮೆಷಿನ್‌ಗನ್ ಸಾಮಾನ್ಯ ನಾಗರಿಕರ ಕೈಗೆ ಹೋಗುವಂತಿಲ್ಲ.

ಅದಕ್ಕೆ ಮೊದಲು ನೋಂದಣಿಯಾದವು ಮಾತ್ರ ಕೈಯಿಂದ ಕೈಗೆ ಸಾಗುತ್ತವೆ. ಇರುವ ಸಂಖ್ಯೆ ಹೆಚ್ಚುವುದಿಲ್ಲ, ಕೇಳುವವರು ಹೆಚ್ಚುತ್ತಲೇ ಇದ್ದಾರೆ. ಆದ್ದರಿಂದ ಒಂದೊಂದಕ್ಕೂ ಹತ್ತಾರು ಸಾವಿರ ಡಾಲರ್ ಬೆಲೆ. 2026ರ ಜನವರಿ 1ರಿಂದ ಸೈಲೆನ್ಸರ್ ಮತ್ತು ಗಿಡ್ಡ ನಳಿಗೆಯ ಬಂದೂಕುಗಳ ತೆರಿಗೆ ಸೊನ್ನೆಗೆ ಇಳಿಯಿತು. ಮೆಷಿನ್‌ಗನ್ನಿನ 200 ಡಾಲರ್ ಹಾಗೆಯೇ ಉಳಿದಿದೆ.

ನಾನು ಎಚ್-1ಬಿ ವೀಸಾದ ಮೇಲಿದ್ದೇನೆ. ಶೂಟಿಂಗ್ ರೇಂಜ್‌ಗೆ ಹೋಗಿ ಒಂದು ಬೆಲ್ಟ್ ಹೊಡೆದು ಬರಬಹುದೇ?

ದಯವಿಟ್ಟು ಈ ಉತ್ತರವನ್ನು ಎರಡು ಸಲ ಓದಿ. ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲಿ ಅಪರಾಧ. ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1 ಎಲ್ಲವೂ ಇದರಲ್ಲಿ ಬರುತ್ತವೆ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು 'ವಶ'ವೇ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ಅಂಥ ಒಂದೆರಡು ವಿನಾಯಿತಿ ಬಿಟ್ಟರೆ ಬೇರೆ ದಾರಿಯಿಲ್ಲ.

'ಗೆಳೆಯರೆಲ್ಲ ಹೊಡೆದರು, ಫೋಟೊ ಹಾಕಿದರು, ಏನೂ ಆಗಲಿಲ್ಲ' ಎಂದು ಹುಡುಗರು ಹೇಳುತ್ತಾರೆ. ಆ ಫೋಟೊವೇ ಮುಂದೆ ಸಾಕ್ಷಿಯಾಗಬಹುದು. ಜೈಲಿನ ಮಾತು ಹಾಗಿರಲಿ, ಗಡಿಪಾರಿಗೂ ಅದು ಕಾರಣವಾಗುತ್ತದೆ. ವರ್ಷಗಟ್ಟಲೆ ಕಾದ ಹಸಿರು ಕಾರ್ಡಿನ ಸಾಲಿನಿಂದ ಇದಕ್ಕಾಗಿ ಹೊರಬೀಳಬೇಡಿ. ಹಸಿರು ಕಾರ್ಡ್ ಸಿಕ್ಕ ಮೇಲೆ ಈ ನಿರ್ಬಂಧ ಇರುವುದಿಲ್ಲ.

ಭಾರತದಲ್ಲಿ ಡೀಲರ್ ಲೈಸೆನ್ಸ್ ಇದ್ದರೆ ಇಂಥದ್ದನ್ನು ಇಡಬಹುದೇ? ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ?

ಇಡುವಂತಿಲ್ಲ. ಕುದುರೆ ಒತ್ತಿ ಹಿಡಿದಷ್ಟು ಹೊತ್ತೂ ಹೊಡೆಯುವ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಿಷೇಧಿತ ಶಸ್ತ್ರ. 2019ರ ತಿದ್ದುಪಡಿಯ ನಂತರ ಅಂಥದ್ದನ್ನು ಅಕ್ರಮವಾಗಿ ಹೊಂದಿದರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆವಾಸ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಬಂದೂಕು ಇಡಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಪಿಸ್ತೂಲು, ರಿವಾಲ್ವರ್, ಜೋಡುನಳಿಗೆ ಕೋವಿಗಳಂಥವುಗಳ ಮಾತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಮನೆಯ ಕೋವಿಗೂ ಈ ಬಂದೂಕುಗಳಿಗೂ ಸಂಬಂಧವಿಲ್ಲ.

ಭಾರತದಲ್ಲಿ ಬೆಲ್ಟ್‌ಫೆಡ್ ಇರುವುದು ಸೇನೆ ಮತ್ತು ಭದ್ರತಾ ಪಡೆಗಳ ಕೈಯಲ್ಲಿ. ಬೆಲ್ಜಿಯಂನ ಮ್ಯಾಗ್ ಬಂದೂಕನ್ನು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ತಯಾರಿಸುತ್ತದೆ. 2020ರಲ್ಲಿ ಇಸ್ರೇಲಿನಿಂದ 16,479 ನೆಗೆವ್ ಲಘು ಮೆಷಿನ್‌ಗನ್ ಕೊಳ್ಳುವ ಒಪ್ಪಂದ ಆಯಿತು.

## ಪರವಾನಗಿ ಮತ್ತು ಕಾಗದಪತ್ರ

ಯಾವ ಲೈಸೆನ್ಸ್ ಬೇಕು? ಒಟ್ಟು ಎಷ್ಟು ಖರ್ಚು?

ಎರಡು ಮೆಟ್ಟಿಲು. ಮೊದಲನೆಯದು ಕೇಂದ್ರ ಬಂದೂಕು ಪರವಾನಗಿ, ಇಲ್ಲಿ ಎಲ್ಲರೂ ಎಫ್‌ಎಫ್‌ಎಲ್ ಎನ್ನುತ್ತಾರೆ. ಕೊಡುವುದು ಎಟಿಎಫ್, ಅಂದರೆ ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆ. ಮಾರಾಟಗಾರರದ್ದು 01 ವರ್ಗ, ಮೂರು ವರ್ಷಕ್ಕೆ 200 ಡಾಲರ್, ನವೀಕರಣಕ್ಕೆ 90. ತಯಾರಕರದ್ದು 07 ವರ್ಗ, ಮೂರು ವರ್ಷಕ್ಕೆ 150. ಎರಡನೆಯದು ವಿಶೇಷ ವೃತ್ತಿ ತೆರಿಗೆ, ಅಂದರೆ ಎಸ್‌ಒಟಿ. ಇದನ್ನು ವರ್ಷವರ್ಷವೂ ಕಟ್ಟಬೇಕು. ಮಾರಾಟಗಾರರಿಗೆ 500 ಡಾಲರ್. ತಯಾರಕರಿಗೆ 1,000, ವಹಿವಾಟು ಐದು ಲಕ್ಷ ಡಾಲರ್‌ಗಿಂತ ಕಡಿಮೆಯಿದ್ದರೆ 500.

ತೆರಿಗೆಯ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಮೇ ತಿಂಗಳಲ್ಲಿ ಕಟ್ಟಿದರೂ ಪೂರ್ತಿ ವರ್ಷದ ಹಣವೇ ಹೋಗುತ್ತದೆ, ಜುಲೈನಲ್ಲಿ ಮತ್ತೆ ಕಟ್ಟಬೇಕು. ಹೊಸಬರು ಇಲ್ಲಿ ಎಡವುವುದನ್ನು ಬಹಳ ನೋಡಿದ್ದೇನೆ. ಮೆಷಿನ್‌ಗನ್ ತಯಾರಕರು ವಿದೇಶಾಂಗ ಇಲಾಖೆಯಲ್ಲೂ ನೋಂದಣಿ ಮಾಡಿಸಬೇಕು. ಅದರ ಶುಲ್ಕ ಈ ಎಲ್ಲವನ್ನೂ ಮೀರಿಸುತ್ತದೆ.

ನನಗೆ ಬೇಕಿರುವುದು ಒಂದೇ ಒಂದು ಮೆಷಿನ್‌ಗನ್. ಮೂವತ್ತು ಸಾವಿರ ಕೊಡುವ ಬದಲು ಲೈಸೆನ್ಸ್ ತೆಗೆದುಕೊಳ್ಳುವುದು ಅಗ್ಗವಲ್ಲವೇ?

ಹಾಗೆ ಮಾಡಬೇಡಿ. ಪರವಾನಗಿ ಇರುವುದು ವ್ಯಾಪಾರ ಮಾಡುವವರಿಗೆ. ಸ್ವಂತ ಸಂಗ್ರಹ ಬೆಳೆಸಲು ಪಡೆದ ಪರವಾನಗಿ ಸುಳ್ಳು ಹೇಳಿಕೆಯ ಮೇಲೆ ನಿಂತ ಪರವಾನಗಿ. ಎಟಿಎಫ್ ಅಧಿಕಾರಿ ಬಂದು ನಿಮ್ಮ ಪುಸ್ತಕ ತೆರೆದಾಗ ವರ್ಷವಿಡೀ ಒಂದೂ ಮಾರಾಟ ಕಾಣದಿದ್ದರೆ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ಬಂದೂಕಿನ ಮೇಲೆ ಆಸೆ ಇದ್ದರೆ 1986ಕ್ಕೆ ಮೊದಲು ನೋಂದಣಿಯಾದ ಒಂದನ್ನು ಹಣ ಕೂಡಿಸಿ ಕೊಳ್ಳಿ. ಅದು ನಿಮ್ಮದಾಗಿ ಉಳಿಯುತ್ತದೆ, ಮಕ್ಕಳಿಗೂ ಹೋಗುತ್ತದೆ.

ಟ್ರಾನ್ಸ್‌ಫರಬಲ್, ಪ್ರೀ ಸ್ಯಾಂಪಲ್, ಪೋಸ್ಟ್ ಸ್ಯಾಂಪಲ್ ಎನ್ನುತ್ತಾರೆ. ಬಂದೂಕು ಒಂದೇ ತಾನೇ?

ಕಬ್ಬಿಣ ಒಂದೇ, ಕಾಗದ ಬೇರೆ. ಬೆಲೆ ನಿರ್ಧಾರವಾಗುವುದು ಕಾಗದದ ಮೇಲೆ.

ಟ್ರಾನ್ಸ್‌ಫರಬಲ್ ಎಂದರೆ 1986ರ ಮೇ 19ಕ್ಕೆ ಮೊದಲು ನೋಂದಣಿಯಾಗಿ, ಸಾಮಾನ್ಯ ನಾಗರಿಕರಿಗೂ ಮಾರಬಹುದಾದದ್ದು. ಪ್ರೀ ಸ್ಯಾಂಪಲ್ ಎಂದರೆ 1968ರ ನಂತರ, 1986ಕ್ಕೆ ಮೊದಲು ಮಾರಾಟಗಾರರ ಮಾದರಿಗಾಗಿ ಆಮದಾದದ್ದು. ಇದನ್ನು ಇನ್ನೊಬ್ಬ ಎಸ್‌ಒಟಿ ಮಾರಾಟಗಾರರಿಗೆ ಅಥವಾ ಸರ್ಕಾರಿ ಸಂಸ್ಥೆಗೆ ಮಾತ್ರ ಕೊಡಬಹುದು. ಆದರೆ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದವರು ವ್ಯಾಪಾರ ಬಿಟ್ಟ ಮೇಲೂ ತಮ್ಮಲ್ಲಿ ಇಟ್ಟುಕೊಳ್ಳಬಹುದು. ಪೋಸ್ಟ್ ಸ್ಯಾಂಪಲ್ 1986ರ ನಂತರದ್ದು. ಸರ್ಕಾರಿ ಸಂಸ್ಥೆಗೆ ತೋರಿಸಲೆಂದೇ ಅದು ನಿಮ್ಮ ಬಳಿ ಇರುತ್ತದೆ, ಎಸ್‌ಒಟಿ ಬಿಡುವ ಮೊದಲು ಅದು ನಿಮ್ಮ ಕೈಬಿಡಬೇಕು.

ನಮ್ಮ ಅಂಗಡಿಯ ಕಬ್ಬಿಣದ ಕಪಾಟಿನಲ್ಲಿ ಎರಡು ಎಂ60 ಬೆಲ್ಟ್‌ಫೆಡ್‌ಗಳು ಪಕ್ಕಪಕ್ಕದಲ್ಲಿ ನಿಂತಿವೆ, ಒಂದು ಟ್ರಾನ್ಸ್‌ಫರಬಲ್, ಇನ್ನೊಂದು ಪೋಸ್ಟ್ ಸ್ಯಾಂಪಲ್. ಬಣ್ಣ ಒಂದೇ, ತೂಕ ಒಂದೇ. ಮೊದಲನೆಯದರ ಬೆಲೆಯಲ್ಲಿ ಊರಿನಲ್ಲಿ ಮನೆ ಕಟ್ಟಿಸಬಹುದು. ಎರಡನೆಯದಕ್ಕೆ ನನ್ನ ಮಟ್ಟಿಗೆ ಮರುಮಾರಾಟದ ಬೆಲೆಯೇ ಇಲ್ಲ. ಪೋಸ್ಟ್ ಸ್ಯಾಂಪಲ್ ಕೊಳ್ಳುವಾಗ ಕೊಟ್ಟ ಹಣವನ್ನು ವ್ಯಾಪಾರದ ಖರ್ಚು ಎಂದು ಬರೆದುಬಿಡಿ, ಆಸ್ತಿ ಎಂದು ಲೆಕ್ಕ ಹಾಕಬೇಡಿ.

'ಲಾ ಲೆಟರ್' ಯಾರು ಕೊಡುತ್ತಾರೆ? ಪರಿಚಯದ ಪೊಲೀಸರಿಂದ ಬರೆಸಿಕೊಂಡರೆ ಆಯಿತೇ?

ಲಾ ಲೆಟರ್ ಎಂದರೆ ಒಂದು ಪೊಲೀಸ್ ಅಥವಾ ಸರ್ಕಾರಿ ಸಂಸ್ಥೆ ತನ್ನ ಅಧಿಕೃತ ಕಾಗದದಲ್ಲಿ 'ಈ ಮಾದರಿಯ ಬಂದೂಕನ್ನು ನಮಗೆ ಪ್ರದರ್ಶಿಸಿ ತೋರಿಸಲಿ' ಎಂದು ನಿರ್ದಿಷ್ಟ ಮಾರಾಟಗಾರರ ಹೆಸರಿಗೆ ಕೊಡುವ ಪತ್ರ. 01 ವರ್ಗದ ಮಾರಾಟಗಾರರು ಪೋಸ್ಟ್ ಸ್ಯಾಂಪಲ್ ಪಡೆಯಲು ಇದು ಬೇಕೇ ಬೇಕು. ತಯಾರಕರು ತಾವೇ ತಯಾರಿಸಿದ್ದಕ್ಕೆ ಬೇಡ.

ಪರಿಚಯದ ಮೇಲೆ ಬರೆಸಿಕೊಳ್ಳುವ ಕಾಲ ಹೋಯಿತು, ಹೋದದ್ದೇ ಒಳ್ಳೆಯದಾಯಿತು. ಎಟಿಎಫ್ ಈಚೆಗೆ ಪತ್ರಗಳನ್ನು ಬಿಗಿಯಾಗಿ ಪರಿಶೀಲಿಸುತ್ತದೆ. ಮೂರು ಜನ ಪೊಲೀಸರಿರುವ ಹಳ್ಳಿಯ ಠಾಣೆಗೆ ಟ್ರೈಪಾಡ್ ಮೇಲಿನ ಭಾರೀ ಮೆಷಿನ್‌ಗನ್ ಏಕೆ ಬೇಕು ಎಂದು ಕೇಳಿದರೆ ನಿಮ್ಮಲ್ಲಿ ಉತ್ತರ ಇರಬೇಕು. ಸುಳ್ಳು ಪತ್ರದ ಮೇಲೆ ಬಂದೂಕು ತರಿಸಿದವರು ಕೇಂದ್ರ ನ್ಯಾಯಾಲಯದಲ್ಲಿ ನಿಂತಿದ್ದಾರೆ, ಪತ್ರಕ್ಕೆ ಸಹಿ ಹಾಕಿದ ಅಧಿಕಾರಿಗಳೂ ನಿಂತಿದ್ದಾರೆ. ಮೊದಲು ನಿಜವಾದ ಆಸಕ್ತಿ ಇರುವ ಸಂಸ್ಥೆಯನ್ನು ಹುಡುಕಿ. ಅವರಿಗೆ ಯಾವುದು ಬೇಕೋ ಅದೇ ನಿಮ್ಮ ಆಯ್ಕೆಯ ಅರ್ಧ ಕೆಲಸ ಮುಗಿಸುತ್ತದೆ.

## ಆಯ್ಕೆ

ಸರ್, ಒಂದೇ ಮಾತಿನಲ್ಲಿ ಹೇಳಿ, ಮೊದಲ ಬೆಲ್ಟ್‌ಫೆಡ್ ಯಾವುದು ತೆಗೆದುಕೊಳ್ಳಲಿ?

ಸರ್ಕಾರಿ ಸಂಸ್ಥೆಗಳಿಗೆ ತೋರಿಸುವ ಮಾರಾಟಗಾರರಾದರೆ ಎಂ249. ಇದು ಬೆಲ್ಜಿಯಂನ ಮಿನಿಮಿ ಬಂದೂಕಿನ ಅಮೆರಿಕನ್ ರೂಪ, 1980ರ ದಶಕದಿಂದ ಸೇನೆಯಲ್ಲಿದೆ. 5.56 ಮಿ.ಮೀ. ಗುಂಡು ಎಲ್ಲ ಕಡೆ ಸಿಗುತ್ತದೆ, ಉಳಿದವುಗಳಿಗಿಂತ ಅಗ್ಗ. ಬಿಡಿಭಾಗಗಳ ಕೊರತೆ ಇಲ್ಲ. ಕಲಿತವರು ಬೇಕಾದಷ್ಟು ಜನರಿದ್ದಾರೆ: ಸೇನೆಯಿಂದ ಬಂದ ಪೊಲೀಸರಲ್ಲಿ ಅನೇಕರಿಗೆ ಇದರ ಪರಿಚಯ ಇರುತ್ತದೆ. ನಳಿಗೆ ಬದಲಿಸುವುದು ಒಂದು ಕೈಯ ಕೆಲಸ.

ಎರಡನೆಯದಾಗಿ ನಾನು ಹೇಳುವುದು ಎಂ240, ಅಂದರೆ ಮ್ಯಾಗ್. 7.62 ಮಿ.ಮೀ. ನೇಟೊ ಗುಂಡು, ತೂಕ ಸುಮಾರು 12.5 ಕಿಲೊ. ನಾನು ಕಂಡ ಬೆಲ್ಟ್‌ಫೆಡ್‌ಗಳಲ್ಲಿ ಇಷ್ಟು ತಾಳ್ಮೆಯ ಯಂತ್ರ ಇನ್ನೊಂದಿಲ್ಲ. ಎಣ್ಣೆ ಕಡಿಮೆಯಾದರೂ ಸಹಿಸುತ್ತದೆ, ಮರಳು ಸೇರಿದರೂ ಸಹಿಸುತ್ತದೆ. ದುಬಾರಿ, ಭಾರ, ಅಷ್ಟೇ ದೂರು.

ಎಂ60 ಬಗ್ಗೆ ಎಲ್ಲರಿಗೂ ಪ್ರೀತಿ, ನನಗೂ ಇದೆ. ನಿಮಿಷಕ್ಕೆ 550ರ ಆಸುಪಾಸಿನ ನಿಧಾನ ಗತಿ, ಹೊಡೆಯುವವರಿಗೆ ಹಿತ. ಆದರೆ ಹಳೆಯ ಮಾದರಿಯಲ್ಲಿ ಎರಡು ಕಾಲಿನ ಸ್ಟ್ಯಾಂಡ್ ನಳಿಗೆಗೇ ಅಂಟಿಕೊಂಡಿದೆ. ಕಾದ ನಳಿಗೆ ತೆಗೆದ ಕೂಡಲೇ ಸ್ಟ್ಯಾಂಡೂ ಅದರ ಜೊತೆ ಹೋಗುತ್ತದೆ, ಬಂದೂಕಿನ ಮೂತಿ ಮಣ್ಣಿಗೆ. ನಳಿಗೆಗೆ ಹಿಡಿಕೆಯೂ ಇಲ್ಲ, ಶಾಖ ತಡೆಯುವ ದಪ್ಪ ಕೈಗವಸು ಹಾಕಿಯೇ ಮುಟ್ಟಬೇಕು. ಗ್ಯಾಸ್ ಪಿಸ್ಟನ್ ಅನ್ನು ತಿರುಗಾಮುರುಗಾ ಜೋಡಿಸಿದರೂ ಅದು ಕೂತುಬಿಡುತ್ತದೆ, ಆಮೇಲೆ ಬಂದೂಕು ಒಂದು ಗುಂಡಿಗೆ ನಿಲ್ಲುತ್ತದೆ. ಈ ದೋಷಗಳನ್ನು ಮುಂದಿನ ರೂಪಗಳಲ್ಲಿ ತಿದ್ದಿದ್ದಾರೆ. ಡೆನ್ಮಾರ್ಕ್ ಸೇನೆ 2014ರಲ್ಲಿ ಆರಿಸಿದ್ದು ಹಾಗೆ ತಿದ್ದಿದ ಎಂ60ಇ6. ಕೊಳ್ಳುವುದಾದರೆ ಹೊಸ ರೂಪವನ್ನೇ ಕೊಳ್ಳಿ.

ಬ್ರೌನಿಂಗ್ 1919 ತುಂಬಾ ಹಳೆಯದಲ್ಲವೇ? ಅದನ್ನು ಈಗಲೂ ಯಾಕೆ ಕೊಳ್ಳುತ್ತಾರೆ?

ಟ್ರಾನ್ಸ್‌ಫರಬಲ್ ವ್ಯಾಪಾರ ಮಾಡುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಎರಡನೆಯ ಮಹಾಯುದ್ಧದ ಬಂದೂಕು, 14 ಕಿಲೊ, ನಿಮಿಷಕ್ಕೆ 400ರಿಂದ 550 ಗುಂಡು. ಬೆಲ್ಟ್‌ಫೆಡ್‌ಗಳ ಸಾಲಿನಲ್ಲಿ ಬೆಲೆ ಕಡಿಮೆ. ನೋಂದಣಿ ಇರುವುದು ಪಕ್ಕದ ಉಕ್ಕಿನ ಫಲಕಕ್ಕೆ. ಉಳಿದ ಭಾಗ ಸವೆದರೆ ಬದಲಿಸಬಹುದು, ಹಾಗಾಗಿ ಅದು ಸಾಯುವುದೇ ಇಲ್ಲ.

ಅದರ ಗುಣ ಕಲಿಯದೆ ಮಾತ್ರ ಮುಟ್ಟಬೇಡಿ. ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟಿನ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತೇವೆ. ಈಗಿನ ಬಂದೂಕುಗಳಲ್ಲಿ ಅದು ಕಾರ್ಖಾನೆಯಲ್ಲೇ ನಿಶ್ಚಿತ. ಬ್ರೌನಿಂಗ್ 1919 ಬಂದೂಕಿನಲ್ಲಿ ನಳಿಗೆ ಹಾಕಿದಾಗಲೆಲ್ಲ ನೀವೇ ಹೊಂದಿಸಬೇಕು. ನಳಿಗೆಯನ್ನು ಬಿಗಿಯಾಗಿ ತಿರುಗಿಸಿ, ಆಮೇಲೆ ಒಂದೊಂದೇ ಕ್ಲಿಕ್ ಸಡಿಲಿಸುತ್ತ ಬೋಲ್ಟ್ ತಾನಾಗಿ ಪೂರ್ತಿ ಮುಚ್ಚುವವರೆಗೆ ಕಾಯಬೇಕು, ಅಂತರ ಅಳೆಯುವ ಗೇಜ್ ಹಾಕಿ ಖಚಿತ ಮಾಡಿಕೊಳ್ಳಬೇಕು. ಆ ಕ್ಲಿಕ್ ಕಿವಿಗಿಂತ ಬೆರಳ ತುದಿಗೆ ಮೊದಲು ತಿಳಿಯುತ್ತದೆ. ಅಂತರ ಹೆಚ್ಚಾದರೆ ತೋಟಾದ ಹಿತ್ತಾಳೆ ಹಿಂಭಾಗದಲ್ಲಿ ಹರಿಯುತ್ತದೆ. ಹಾಗೆ ಹರಿದ ಒಂದು ತೋಟಾವನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬಾಳೆಮೂತಿಯ ಎಸಳು ಬಿಡಿಸಿದಂತೆ ಕಾಣುವ ಆ ಹಿತ್ತಾಳೆಯನ್ನು ಹೊಸ ಗಿರಾಕಿಯ ಅಂಗೈಗೆ ಇಡುತ್ತೇನೆ, ಆಮೇಲೆ ಗೇಜ್ ಬಗ್ಗೆ ಹೆಚ್ಚು ಹೇಳಬೇಕಾಗುವುದಿಲ್ಲ.

ಇನ್ನೊಂದು ಮಾತು: ಇದು ಮುಚ್ಚಿದ ಬೋಲ್ಟಿನಿಂದ ಹೊಡೆಯುವ ಬಂದೂಕು. ಹೊಡೆತ ನಿಂತ ಮೇಲೂ ಕಾದ ನಳಿಗೆಯಲ್ಲಿ ಒಂದು ಜೀವಂತ ತೋಟಾ ಕೂತಿರುತ್ತದೆ, ಶಾಖಕ್ಕೆ ಅದು ತಾನಾಗಿ ಸಿಡಿಯಬಹುದು. ಹೊಡೆದು ಮುಗಿದ ಕೂಡಲೇ ಖಾಲಿ ಮಾಡಿ, ಮೂತಿಯ ಮುಂದೆ ಯಾರೂ ಸುಳಿಯದಂತೆ ನೋಡಿಕೊಳ್ಳಿ.

ಪಿಕೆಎಂ ಹಗುರವಂತೆ, ಗಟ್ಟಿಯಂತೆ. ಅದನ್ನೇ ಕೊಂಡರೆ?

ಸೋವಿಯತ್ ಮೂಲದ ಈ ಮೆಷಿನ್‌ಗನ್ ಬಂದೂಕಾಗಿ ಅದ್ಭುತ. ಏಳೂವರೆ ಕಿಲೊ ತೂಕದಲ್ಲಿ ಪೂರ್ಣ ಶಕ್ತಿಯ ಗುಂಡು ಹೊಡೆಯುವುದು ಸಣ್ಣ ಮಾತಲ್ಲ. ತೋಟಾಕ್ಕೆ ಅಂಚು ಇರುವುದರಿಂದ ಬಂದೂಕು ಅದನ್ನು ಮೊದಲು ಬೆಲ್ಟಿನಿಂದ ಹಿಂದಕ್ಕೆ ಎಳೆದು, ನಂತರ ಮುಂದಕ್ಕೆ ತಳ್ಳುತ್ತದೆ. ಬೆಲ್ಟ್ ಬಲಗಡೆಯಿಂದ ಒಳಹೋಗುತ್ತದೆ. ಕೊಂಡಿಗಳು ಬಿಡಿಬಿಡಿಯಾಗಿ ಉದುರದೆ ಸರವಾಗಿಯೇ ಉಳಿಯುತ್ತವೆ, ಮತ್ತೆ ತುಂಬಬಹುದು.

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ತೊಡಕು ಗುಂಡಿನದು. ರಷ್ಯಾದ ಗುಂಡುಗಳಿಗೆ ಹೊಸ ಆಮದು ಅನುಮತಿ 2021ರ ಸೆಪ್ಟೆಂಬರ್‌ನಿಂದ ನಿಂತಿದೆ. ಹಿಂದೆ ಪೆಟ್ಟಿಗೆಗಟ್ಟಲೆ ಅಗ್ಗವಾಗಿ ಬರುತ್ತಿದ್ದ ಪಿಕೆಎಂನ 7.62×54ಆರ್ ಗುಂಡು ಈಗ ಹುಡುಕಿ ಕೊಳ್ಳಬೇಕಾದ ಸರಕು. ವಿದೇಶಿ ಶಸ್ತ್ರಗಳ ತರಬೇತಿ ಕೊಡುವ ಸಂಸ್ಥೆಗಳು ನಿಮ್ಮ ಗಿರಾಕಿಗಳಾಗಿದ್ದರೆ ಕೊಳ್ಳಿ, ಇಲ್ಲದಿದ್ದರೆ ಮೂರನೆಯದಾಗಿ ಇರಲಿ.

ಪಾಯಿಂಟ್ ಫಿಫ್ಟಿ ಎಂ2 ಇಟ್ಟರೆ ಜನ ನೋಡಲು ಬರುತ್ತಾರಲ್ಲ?

ಬರುತ್ತಾರೆ, ನೋಡಿ ಹೋಗುತ್ತಾರೆ. ಅರ್ಧ ಇಂಚು ವ್ಯಾಸದ ಗುಂಡಿನ ಈ ಬಂದೂಕು 38 ಕಿಲೊ, ಟ್ರೈಪಾಡ್ ಇನ್ನೂ 20. ಗುಂಡು ಆರೂವರೆ ಕಿಲೊಮೀಟರ್ ಮೀರಿ ಹಾರಬಲ್ಲದು, ಅದನ್ನು ತಡೆಯುವ ದಿಬ್ಬ ಇರುವ ರೇಂಜ್ ಎಲ್ಲೆಡೆ ಸಿಗುವುದಿಲ್ಲ. ಹಳೆಯ ಮಾದರಿಯಲ್ಲಿ ಹೆಡ್‌ಸ್ಪೇಸ್ ಜೊತೆ ಟೈಮಿಂಗ್ ಅನ್ನೂ, ಅಂದರೆ ಗುಂಡು ಸಿಡಿಯುವ ಕ್ಷಣವನ್ನೂ, ಹೊಂದಿಸಬೇಕು. ಹೊಸ ಎಂ2ಎ1ರಲ್ಲಿ ಆ ಕಷ್ಟ ಇಲ್ಲ.

ಗುಂಡಿನ ಖರ್ಚು ನಿಜವಾಗಿ ಎಷ್ಟು ಬರುತ್ತದೆ?

ಬಂದೂಕಿನ ಬೆಲೆ ಕೇಳಿ ಬೆಚ್ಚುವವರು ಇದನ್ನು ಕೇಳುವುದೇ ಇಲ್ಲ. ನಿಮಿಷಕ್ಕೆ 650ರ ಗತಿಯಲ್ಲಿ ನೂರು ಗುಂಡಿನ ಬೆಲ್ಟ್ ಒಂಬತ್ತು ಸೆಕೆಂಡಿಗೆ ಮುಗಿಯುತ್ತದೆ. 1,200ರ ಗತಿಯ ಜರ್ಮನ್ ಎಂಜಿ42ರಲ್ಲಿ ಐದೇ ಸೆಕೆಂಡು. ಈಚಿನ ವರ್ಷಗಳಲ್ಲಿ ನಾವು ಕೊಟ್ಟ ದರ 5.56ಕ್ಕೆ ಒಂದಕ್ಕೆ ಅರ್ಧ ಡಾಲರ್ ಒಳಗೆ, 7.62 ನೇಟೊಗೆ ಎಂಬತ್ತು ಸೆಂಟ್ ಸುತ್ತಮುತ್ತ, ಪಾಯಿಂಟ್ ಫಿಫ್ಟಿಗೆ ಮೂರೂವರೆ ಡಾಲರ್ ಆಸುಪಾಸು. ಒಂದು ಪ್ರದರ್ಶನಕ್ಕೆ ಸಾವಿರ ಗುಂಡು ಎಂದರೆ ಮೊದಲನೆಯದಕ್ಕೆ 500 ಡಾಲರ್, ಕೊನೆಯದಕ್ಕೆ 3,500.

ಕೊಂಡಿಗಳ ಲೆಕ್ಕ ಬೇರೆ. ಹೊಡೆದ ಮೇಲೆ ಕೊಂಡಿಗಳನ್ನು ಚಕ್ರದ ಮೇಲಿನ ಅಯಸ್ಕಾಂತ ಉರುಳಿಸಿ ಎತ್ತುತ್ತೇವೆ. ಹಿತ್ತಾಳೆಯ ಖಾಲಿ ತೋಟಾಗಳು ಅದಕ್ಕೆ ಅಂಟುವುದಿಲ್ಲ, ಬಗ್ಗಿ ಆರಿಸಬೇಕು. ಎತ್ತಿದ ಕೊಂಡಿಗಳಲ್ಲಿ ಬಾಗಿದ್ದನ್ನು ಬೇರ್ಪಡಿಸದೆ ಮತ್ತೆ ಬಳಸಬೇಡಿ. ಬಂದೂಕು ಕೆಟ್ಟಿದೆ ಎಂದು ನಮ್ಮಲ್ಲಿಗೆ ಹೊತ್ತುತಂದವರಲ್ಲಿ ಹಲವರ ಬಂದೂಕಿಗೆ ಏನೂ ಆಗಿರಲಿಲ್ಲ, ಕೊಂಡಿ ಬಾಗಿತ್ತು.

ಸೆಮಿ ಆಟೊಮ್ಯಾಟಿಕ್ ಬೆಲ್ಟ್‌ಫೆಡ್ ಮಾರಲು ಎಸ್‌ಒಟಿ ಬೇಕೇ?

ಬೇಡ. ಕಾನೂನಿನ ದೃಷ್ಟಿಯಲ್ಲಿ ಅದು ಸಾಮಾನ್ಯ ಬಂದೂಕು, ನಳಿಗೆ ಗಿಡ್ಡವಿಲ್ಲದಿದ್ದರೆ ಕೊಳ್ಳುವವರು ಅಂಗಡಿಯಲ್ಲಿ ತುಂಬುವ ಮಾಮೂಲಿ 4473 ನಮೂನೆಯಲ್ಲೇ ಮಾರಬಹುದು. ಎಫ್‌ಎನ್ ಕಂಪನಿಯ ಎಂ249ಎಸ್ ಇದಕ್ಕೆ ಉದಾಹರಣೆ, ಬೆಲೆ ಹತ್ತು ಸಾವಿರ ಡಾಲರ್ ಆಸುಪಾಸು. ಕೆಲವು ರಾಜ್ಯಗಳು ಇದನ್ನೂ ನಿಷೇಧಿಸಿವೆ. ಹೊಸ ಅಂಗಡಿಯವರಿಗೆ ನನ್ನ ಸಲಹೆ ಇದು: ಮೊದಲ ವರ್ಷ ಇವುಗಳನ್ನು ಮಾರಿ ನೋಡಿ, ಬೆಲ್ಟ್ ಗಿರಾಕಿ ಯಾರೆಂದು ತಿಳಿಯುತ್ತದೆ. ಒಂದು ಎಚ್ಚರಿಕೆ, ಇದನ್ನು ಸ್ವಯಂಚಾಲಿತವಾಗಿ ಮಾರ್ಪಡಿಸುವ ಮಾತು ಎತ್ತುವ ಗಿರಾಕಿಯನ್ನು ಬಾಗಿಲವರೆಗೆ ಕಳಿಸಿಬಿಡಿ. ನಾನು ಕಳಿಸಿದ್ದೇನೆ.

## ಅನುಭವಿಗಳು ಕೇಳುವವು

ಹಳೆಯ ಬೆಲ್ಟ್‌ಫೆಡ್ ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ಏನೇನು ನೋಡಬೇಕು?

ಮೊದಲು ಕಾಗದ. ನೋಂದಣಿಯಲ್ಲಿರುವ ಕ್ರಮಸಂಖ್ಯೆ, ಮಾದರಿ, ತಯಾರಕರ ಹೆಸರು ಬಂದೂಕಿನ ಮೇಲೆ ಕೆತ್ತಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಮ್ಮೆ ಬೇರೆ ರಾಜ್ಯದ ಒಬ್ಬ ಮಾರಾಟಗಾರರಿಂದ ನಾವು ತರಿಸಿದ ಬಂದೂಕಿನಲ್ಲಿ 3 ಎಂದು ಓದಿದ್ದು ಸವೆದ 8 ಆಗಿತ್ತು. ಅದು ಸರಿಹೋಗುವವರೆಗೆ ನಾಲ್ಕು ತಿಂಗಳು ಬಂದೂಕು ಕಪಾಟಿನಿಂದ ಹೊರಬರಲಿಲ್ಲ. ಈಗ ಟಾರ್ಚ್ ಅನ್ನು ಓರೆಯಾಗಿ ಹಿಡಿದು, ಕೆತ್ತನೆಯ ನೆರಳು ನೋಡಿ ಓದುತ್ತೇನೆ.

ನಂತರ ಮೇಲಿನ ಮುಚ್ಚಳ ತೆರೆದು ಬೆಲ್ಟ್ ಎಳೆಯುವ ಹಲ್ಲುಗಳನ್ನು ಬೆರಳಿನಿಂದ ಒತ್ತಿ ನೋಡಿ, ಸ್ಪ್ರಿಂಗ್ ಜೀವಂತವಾಗಿ ತಿರುಗಿ ಒತ್ತಬೇಕು. ಎಂ60 ಆದರೆ ಆಪರೇಟಿಂಗ್ ರಾಡಿನಲ್ಲಿ ಕುದುರೆ ಹಿಡಿಯುವ ಕಚ್ಚಿನ ಅಂಚು ಉರುಟಾಗಿದೆಯೇ ಎಂದು ನೋಡಿ, ಉರುಟಾಗಿದ್ದರೆ ಬಂದೂಕು ನಿಲ್ಲಿಸಿದಾಗ ನಿಲ್ಲದು. ರಿವೆಟ್‌ಗಳ ಸುತ್ತ ಕೂದಲೆಳೆಯ ಬಿರುಕಿದ್ದರೆ ಎಣ್ಣೆ ಒರೆಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಬಿರುಕಿನಿಂದ ಎಣ್ಣೆ ಮತ್ತೆ ಸಣ್ಣ ಗೆರೆಯಾಗಿ ಜಿನುಗುತ್ತದೆ. ನಳಿಗೆ ಎಷ್ಟು ಇವೆ ಎಂದು ಕೇಳಿ. ಎಂ240ಬಿ ಬಂದೂಕಿಗೆ ಸೇನೆಯ ಕೈಪಿಡಿ ಹೇಳುವುದು ನಿಮಿಷಕ್ಕೆ 100 ಗುಂಡಿನಂತೆ ಹೊಡೆದರೆ ಹತ್ತು ನಿಮಿಷಕ್ಕೊಮ್ಮೆ, 200ರಂತೆ ಹೊಡೆದರೆ ಎರಡು ನಿಮಿಷಕ್ಕೊಮ್ಮೆ ನಳಿಗೆ ಬದಲಿಸಿ ಎಂದು. ಒಂದೇ ನಳಿಗೆಯಿಂದ ಜೀವನ ಕಳೆದ ಬಂದೂಕು ಏನನ್ನು ಅನುಭವಿಸಿದೆ ಎಂದು ಊಹಿಸಿಕೊಳ್ಳಿ.

ಬೆರಳು ತೆಗೆದರೂ ಬಂದೂಕು ಹೊಡೆಯುತ್ತಲೇ ಇದ್ದರೆ ಏನು ಮಾಡಬೇಕು?

ಬಂದೂಕನ್ನು ಬಿಡಬೇಡಿ, ಮೂತಿ ಗುರಿಯ ಕಡೆಗೇ ಇರಲಿ. ಸಹಾಯಕರು ಬೆಲ್ಟನ್ನು ಹಿಡಿದು ತಿರುಚಿದರೆ ಕೊಂಡಿ ಕಳಚಿ, ಒಳಗಿರುವ ಎರಡು ಮೂರು ಗುಂಡು ಮುಗಿದು ನಿಲ್ಲುತ್ತದೆ. ಗಾಬರಿಯಲ್ಲಿ ಬಂದೂಕನ್ನು ಜನರ ಕಡೆ ತಿರುಗಿಸಿಬಿಡುವುದೇ ದೊಡ್ಡ ಅಪಾಯ. ಆದ್ದರಿಂದ ನಮ್ಮಲ್ಲಿ ಹೊಸಬರಿಗೆ ಮೊದಲ ಬೆಲ್ಟ್ ಐದೇ ಗುಂಡಿನದು, ಪಕ್ಕದಲ್ಲಿ ಒಬ್ಬರು ಬೆಲ್ಟ್ ಮೇಲೆ ಕೈಯಿಟ್ಟು ಕೂತಿರಲೇಬೇಕು. ನಮ್ಮ ಮಾಲೀಕರು ತಮ್ಮ ಮಗನಿಗೂ ಈ ನಿಯಮ ಸಡಿಲಿಸಲಿಲ್ಲ.

ಪುಸ್ತಕದಲ್ಲಿ ಸಾಮಾನ್ಯವಾಗಿ ಎಲ್ಲಿ ತಪ್ಪಾಗುತ್ತದೆ?

ದಿನಾಂಕದಲ್ಲಿ. ಬಂದ ಬಂದೂಕನ್ನು ಮರುದಿನದ ವ್ಯವಹಾರ ಮುಗಿಯುವುದರೊಳಗೆ, ಹೋದದ್ದನ್ನು ಏಳು ದಿನದೊಳಗೆ ದಾಖಲಿಸಬೇಕು. ಮಾರಾಟಗಾರರ ನಡುವಿನ ತೆರಿಗೆರಹಿತ ಹಸ್ತಾಂತರಕ್ಕೆ ನಮೂನೆ 3, ನಾಗರಿಕರಿಗೆ ತೆರಿಗೆ ಕಟ್ಟಿ ಮಾರಲು ನಮೂನೆ 4, ಸರ್ಕಾರಿ ಸಂಸ್ಥೆಗೆ ನಮೂನೆ 5. ಅನುಮತಿ ಬರುವ ಮೊದಲು ಬಂದೂಕು ಕದಲಬಾರದು. 'ನಾಳೆ ಬಂದೇ ಬರುತ್ತದೆ' ಎಂದು ವ್ಯಾನಿಗೆ ಹಾಕಿದವರು ಕೇಂದ್ರ ಅಪರಾಧ ಮಾಡಿದಂತೆ, ಶಿಕ್ಷೆ ಹತ್ತು ವರ್ಷದವರೆಗೆ. ಕಳವಾದರೆ 48 ಗಂಟೆಯೊಳಗೆ ಎಟಿಎಫ್‌ಗೂ ಸ್ಥಳೀಯ ಪೊಲೀಸರಿಗೂ ತಿಳಿಸಬೇಕು. ನಾನು ಪ್ರತಿ ಶುಕ್ರವಾರ ಸಂಜೆ ಕಪಾಟು ತೆರೆದು ಪುಸ್ತಕದ ಸಾಲು ಸಾಲಿಗೂ ಬಂದೂಕು ಮುಟ್ಟಿ ನೋಡುತ್ತೇನೆ. ಕಂಪ್ಯೂಟರ್ ಪಟ್ಟಿ ನೋಡಿ 'ಇದೆ' ಎಂದು ಗುರುತು ಹಾಕುವುದಕ್ಕೂ ಇದಕ್ಕೂ ಬಹಳ ಅಂತರ ಇದೆ.

ವ್ಯಾಪಾರ ಮುಚ್ಚುವ ದಿನ ಬಂದರೆ ಇವೆಲ್ಲ ಏನಾಗುತ್ತವೆ?

ಈ ಪ್ರಶ್ನೆಯನ್ನು ಕೊಳ್ಳುವ ದಿನವೇ ಕೇಳಿಕೊಳ್ಳಿ ಎಂದು ನಾನು ಎಲ್ಲರನ್ನೂ ಪೀಡಿಸುತ್ತೇನೆ. ಟ್ರಾನ್ಸ್‌ಫರಬಲ್ ಆದರೆ ಮಾರಬಹುದು, ಬೇಕಾದರೆ ಇಟ್ಟುಕೊಳ್ಳಬಹುದು. ಪೋಸ್ಟ್ ಸ್ಯಾಂಪಲ್ ಆದರೆ ಮೂರೇ ದಾರಿ: ಲಾ ಲೆಟರ್ ಇರುವ ಇನ್ನೊಬ್ಬ ಎಸ್‌ಒಟಿ ಮಾರಾಟಗಾರರು, ಸರ್ಕಾರಿ ಸಂಸ್ಥೆ, ಇಲ್ಲವೇ ಎಟಿಎಫ್ ನಿಯಮದಂತೆ ಒಪ್ಪಿಸುವುದು ಅಥವಾ ನಾಶ ಮಾಡುವುದು.

ಪಕ್ಕದ ಕೌಂಟಿಯಲ್ಲಿ ಹಿರಿಯ ಮಾರಾಟಗಾರರೊಬ್ಬರು ಕಾಯಿಲೆ ಬಿದ್ದು ಅಂಗಡಿ ಮುಚ್ಚಿದಾಗ ಅವರ ಬಳಿ ಹನ್ನೊಂದು ಪೋಸ್ಟ್ ಸ್ಯಾಂಪಲ್ ಇದ್ದವು. ಎಂ249ಗೂ ಎಂ240ಗೂ ವಾರದೊಳಗೆ ಕೊಳ್ಳುವವರು ಸಿಕ್ಕರು, ಏಕೆಂದರೆ ಅವನ್ನು ನೋಡಲು ಬಯಸುವ ಸಂಸ್ಥೆಗಳಿದ್ದವು, ಪತ್ರ ಸಿಕ್ಕಿತು. ಅವರು ಆಸೆಪಟ್ಟು ಕೂಡಿಸಿದ್ದ ಅಪರೂಪದ ನಾಲ್ಕಕ್ಕೆ ಒಂದೂ ಪತ್ರ ಹುಟ್ಟಲಿಲ್ಲ. ಅವುಗಳನ್ನು ಕತ್ತರಿಸುವ ದಿನ ನಾನೂ ಹೋಗಿದ್ದೆ. ಅವರು ಕುರ್ಚಿ ಹಾಕಿಸಿಕೊಂಡು ಕೊನೆಯ ತುಂಡಿನವರೆಗೆ ಕೂತು ನೋಡಿದರು, ಆಮೇಲೆ ಪುಸ್ತಕ ತರಿಸಿ ನಾಲ್ಕು ಸಾಲಿಗೂ ತಾವೇ ದಿನಾಂಕ ಬರೆದರು.

ತೆರಿಗೆ ವರ್ಷ ಮುಗಿಯುವುದು ಜೂನ್ 30ಕ್ಕೆ. ಬಿಡುವ ಯೋಚನೆ ಇದ್ದರೆ ಜನವರಿಯಲ್ಲೇ ಕೊಳ್ಳುವವರಿಗೆ ಪತ್ರ ಬರೆಯಲು ಆರಂಭಿಸಿ.